ಕೆಡವುವ ಕೆಲಸವನ್ನೂ ಕಲಿಸೋಣ: ಪಿಯು ಜೀವಶಾಸ್ತ್ರ ಉಪನ್ಯಾಸಕರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಉಪನ್ಯಾಸಕ ಮಿತ್ರರೇ,

ದ್ವಿತೀಯ ಪಿಯುಸಿಯಲ್ಲಿ ‘ಮಾಲಿಕ್ಯುಲರ್ ಬೇಸಿಸ್ ಆಫ್ ಇನ್‌ಹೆರಿಟೆನ್ಸ್’ ಅಧ್ಯಾಯ ಬಂದಾಗ ನಾವೆಲ್ಲ ಬೋರ್ಡಿನ ಮೇಲೆ ಬರೆಯುವ ಚಿತ್ರ ಹೆಚ್ಚುಕಡಿಮೆ ಒಂದೇ. ಎಡಗಡೆ ಡಿಎನ್‌ಎ, ಅಲ್ಲಿಂದೊಂದು ಬಾಣ, ನಡುವೆ ಆರ್‌ಎನ್‌ಎ, ಇನ್ನೊಂದು ಬಾಣ, ಬಲಗಡೆ ಪ್ರೋಟೀನ್. ಮೊದಲ ಬಾಣದ ಕೆಳಗೆ ಕ್ಯಾಪಿಂಗ್, ಟೈಲಿಂಗ್, ಸ್ಪ್ಲೈಸಿಂಗ್ ಎಂದು ಮೂರು ಮಾತು ಬರೆದು ವಿವರಿಸುತ್ತೇವೆ. ರೈಬೋಸೋಮ್ ಬರುತ್ತದೆ, ಪ್ರೋಟೀನ್ ತಯಾರಾಗುತ್ತದೆ, ಗಂಟೆ ಹೊಡೆಯುತ್ತದೆ. ಆ ಆರ್‌ಎನ್‌ಎ ಏನಾಯಿತು? ಅದನ್ನು ನಾವು ಹೇಳುವುದಿಲ್ಲ, ಮಕ್ಕಳು ಕೇಳುವುದೂ ಇಲ್ಲ. ಬಯೊಟೆಕ್ನಾಲಜಿ ಅಧ್ಯಾಯದಲ್ಲಿ ತಂಬಾಕಿನ ಬೇರಿಗೆ ಬೀಳುವ ಜಂತುಹುಳುವಿನ ಪ್ರಸಂಗದಲ್ಲಿ ಆರ್‌ಎನ್‌ಎಯನ್ನು ಸುಮ್ಮನಾಗಿಸುವ ಮಾತು ಒಮ್ಮೆ ಬರುತ್ತದೆ. ಆದರೆ ಅಲ್ಲಿ ಅದು ರಕ್ಷಣೆಯ ಉಪಾಯ. ಪ್ರತಿ ಜೀವಕೋಶವೂ ದಿನವಿಡೀ ಮಾಡುವ ಕೆಲಸವೆಂದು ಅದು ಮಕ್ಕಳ ಮನಸ್ಸಿಗೆ ಹೋಗುವುದಿಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಆರ್‌ಎನ್‌ಎ ತಯಾರಿಸುವಷ್ಟೇ ಮುಖ್ಯ ಅದನ್ನು ಸರಿಯಾಗಿ ಕತ್ತರಿಸುವುದು, ಕೆಲಸ ಮುಗಿದದ್ದನ್ನೂ ಕೆಟ್ಟದ್ದನ್ನೂ ಒಡೆದುಹಾಕುವುದು. ತಯಾರಿಸುವುದಕ್ಕೂ ಒಡೆಯುವುದಕ್ಕೂ ನಡುವಿನ ತೂಕ ತಪ್ಪಿದರೆ ಜೀವಕೋಶದ ಉಸಿರಾಟವೇ ನಿಂತುಹೋಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟವಾದ ಉದಾಹರಣೆ ಯೀಸ್ಟಿನ ಮೈಟೊಕಾಂಡ್ರಿಯ. ಬೇಕರಿಗೆ ಬೇಕಾದ ಅದೇ ಯೀಸ್ಟ್, ಸ್ಯಾಕರೊಮೈಸಿಸ್ ಸೆರೆವಿಸಿಯೆ. ಈ ಕಥೆಯನ್ನು ನೀವು ನಿಮ್ಮ ತರಗತಿಗೆ ಒಯ್ಯಬೇಕೆಂಬುದು ನನ್ನ ಕೋರಿಕೆ. ಅದರ ಒಂದು ತುಣುಕನ್ನು ನಿಮ್ಮ ಪ್ರಯೋಗಶಾಲೆಯಲ್ಲೇ ಕಣ್ಣಾರೆ ತೋರಿಸಬಹುದು. ಆ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು, ಯೀಸ್ಟೇ ಏಕೆ? ಮೈಟೊಕಾಂಡ್ರಿಯ ಕೆಟ್ಟರೆ ನಾವು ಬದುಕುವುದಿಲ್ಲ. ಯೀಸ್ಟ್ ಬದುಕುತ್ತದೆ. ಗ್ಲೂಕೋಸ್ ಇದ್ದರೆ ಅದನ್ನು ಹುದುಗಿಸಿ, ಮದ್ಯಸಾರ ಮಾಡಿ, ಬರುವ ಅಲ್ಪ ಎಟಿಪಿಯಲ್ಲೇ ದಿನ ದೂಡುತ್ತದೆ. ಆದ್ದರಿಂದ ಮೈಟೊಕಾಂಡ್ರಿಯದ ಉಸಿರಾಟ ವ್ಯವಸ್ಥೆಯ ಯಾವ ಭಾಗವನ್ನು ಬೇಕಾದರೂ ಕೆಡಿಸಿ, ಕೆಟ್ಟ ಯೀಸ್ಟನ್ನು ಜೀವಂತವಾಗಿಟ್ಟುಕೊಂಡು, ಏನು ಕೆಟ್ಟಿದೆಯೆಂದು ನಿಧಾನವಾಗಿ ಪರೀಕ್ಷಿಸಬಹುದು. ಇದು ಮೊದಲು ಹೊಳೆದದ್ದು ಪ್ಯಾರಿಸಿನಲ್ಲಿ. 1949ರಲ್ಲಿ ಬೋರಿಸ್ ಎಫ್ರುಸ್ಸಿ ಮತ್ತು ಸಂಗಡಿಗರು ಬೇಕರಿ ಯೀಸ್ಟಿನಲ್ಲಿ ಪುಟ್ಟ ಪುಟ್ಟ ಕಾಲನಿಗಳಾಗಿ ಬೆಳೆಯುವ ರೂಪಾಂತರಿಗಳನ್ನು ವರದಿ ಮಾಡಿದರು. ಫ್ರೆಂಚಿನಲ್ಲಿ ಅವಕ್ಕೆ ಪೆಟೀಟ್ ಎಂದರು, ಪ್ರಪಂಚದಾದ್ಯಂತ ಇಂದಿಗೂ ಅದೇ ಹೆಸರು. ಆಕ್ರಿಫ್ಲೇವಿನ್ ಬಣ್ಣ ಸೋಕಿಸಿದರೆ ಇಂಥವು ರಾಶಿರಾಶಿಯಾಗಿ ಹುಟ್ಟುತ್ತಿದ್ದವು, ಮೆಂಡಲನ ನಿಯಮಕ್ಕೆ ಒಗ್ಗದೆ ಮುಂದಿನ ಪೀಳಿಗೆಗೆ ಸಾಗುತ್ತಿದ್ದವು. ಆಗ ಎಫ್ರುಸ್ಸಿಯವರ ಜೊತೆ ಕೆಲಸ ಮಾಡುತ್ತಿದ್ದವರಲ್ಲಿ ವಾರ್ಸಾದಿಂದ ಬಂದ ತರುಣ ಪಿಯೋತ್ರ್ ಸ್ಲೊನಿಮ್ಸ್ಕಿ ಒಬ್ಬರು. ಈ ಪುಟ್ಟ ಕಾಲನಿಗಳು ಉಸಿರಾಡುವುದಿಲ್ಲ, ಉಸಿರಾಟಕ್ಕೆ ಬೇಕಾದ ಕಿಣ್ವಗಳೇ ಅವುಗಳಲ್ಲಿಲ್ಲ ಎಂದು ತೋರಿಸಿದವರು ಅವರು. ಮೈಟೊಕಾಂಡ್ರಿಯದೊಳಗೆ ಡಿಎನ್‌ಎ ಇದೆಯೆಂಬುದೇ ಆಗ ಗೊತ್ತಿರಲಿಲ್ಲ. ಯೀಸ್ಟಿನಲ್ಲಿ ಅದನ್ನು ಖಚಿತಪಡಿಸಿದ್ದು 1964ರಲ್ಲಿ, ವಿಯೆನ್ನಾದಲ್ಲಿ, ಗಾಟ್‌ಫ್ರೀಡ್ ಶಾಟ್ಸ್ ಮತ್ತು ಸಹೋದ್ಯೋಗಿಗಳು.

ಆ ಡಿಎನ್‌ಎಯ ಪೂರ್ಣ ಓದು 1998ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದ ಒಂದು ತಳಿಯಲ್ಲಿ 85,779 ಅಕ್ಷರಜೋಡಿ. ನಮ್ಮ ಮೈಟೊಕಾಂಡ್ರಿಯದ ಡಿಎನ್‌ಎ 16,569 ಮಾತ್ರ. ಐದು ಪಟ್ಟು ದೊಡ್ಡದಾದರೂ ಯೀಸ್ಟಿನದು ಹೇಳಿಕೊಡುವ ಮುಖ್ಯ ಪ್ರೋಟೀನುಗಳು ಎಂಟೇ; ನಮ್ಮದು ಹದಿಮೂರು. ಅದರ ಜೊತೆ ಎರಡು ರೈಬೋಸೋಮ್ ಆರ್‌ಎನ್‌ಎ, 24 ಟಿಆರ್‌ಎನ್‌ಎ, ಮತ್ತು ಟಿಆರ್‌ಎನ್‌ಎಗಳನ್ನು ಕತ್ತರಿಸುವ ಒಂದು ಕಿಣ್ವದ ಆರ್‌ಎನ್‌ಎ ಭಾಗ. ಉಳಿದ ಜಾಗವೆಲ್ಲ ಏನು? ಬಹುಪಾಲು ಎ ಮತ್ತು ಟಿ ಅಕ್ಷರಗಳೇ ತುಂಬಿದ ಉದ್ದುದ್ದ ಬಯಲು, ಮತ್ತು ಜೀನುಗಳ ನಡುನಡುವೆ ತೂರಿಕೊಂಡ ಇಂಟ್ರಾನುಗಳು. ಅಲ್ಲಿಂದ ಹೊರಡುವ ಆರ್‌ಎನ್‌ಎಯಲ್ಲಿ ಬೇಕಾದದ್ದಕ್ಕಿಂತ ಬೇಡವಾದದ್ದೇ ಹೆಚ್ಚು ಎಂಬುದನ್ನು ಇಲ್ಲೇ ಗಮನಿಸಿ. ಮುಂದಿನ ಮಾತೆಲ್ಲ ನಿಂತಿರುವುದು ಇದರ ಮೇಲೆ.

ಆರ್‌ಪಿಒ41 ಎಂಬ ಜೀನ್ ಹೇಳಿಕೊಡುವ ಪಾಲಿಮರೇಸ್ ಕಿಣ್ವ ಈ ಡಿಎನ್‌ಎಯನ್ನು ನಕಲು ಮಾಡುತ್ತದೆ. ಬ್ಯಾಕ್ಟೀರಿಯಾಕ್ಕೆ ತಗಲುವ ಟಿ7 ವೈರಸ್ಸಿನ ಪಾಲಿಮರೇಸಿಗೆ ಇದು ಹತ್ತಿರದ ನೆಂಟ. ಎಂಟಿಎಫ್1 ಎಂಬ ಇನ್ನೊಂದು ಪ್ರೋಟೀನ್ ಜೊತೆಗಿದ್ದರೆ ಅದು ಒಂಬತ್ತು ಅಕ್ಷರಗಳ ಒಂದು ಸಣ್ಣ ಗುರುತನ್ನು ಹಿಡಿದು ಓದಲು ತೊಡಗುತ್ತದೆ. ಒಮ್ಮೆ ಹೊರಟರೆ ಒಂದು ಜೀನಿಗೆ ನಿಲ್ಲದೆ ಹಲವನ್ನು ಒಟ್ಟಿಗೆ ಓದಿಬಿಡುತ್ತದೆ. ಪ್ರೋಟೀನಿನ ಸಂದೇಶ, ಟಿಆರ್‌ಎನ್‌ಎ, ನಡುವಿನ ಬಯಲು ಎಲ್ಲವೂ ಒಂದೇ ಉದ್ದನೆಯ ದಾರದಲ್ಲಿ ಸಿಕ್ಕಿಕೊಂಡಿರುತ್ತವೆ. ಅದನ್ನು ಎಲ್ಲಿ ಕತ್ತರಿಸಬೇಕು ಎಂಬುದು ಮೊದಲ ಪ್ರಶ್ನೆ. ಟಿಆರ್‌ಎನ್‌ಎ ಸಿಕ್ಕಿದ ಕಡೆ ಸುಲಭ: ಅದರ ಮುಂಭಾಗವನ್ನು ಆರ್‌ಎನ್‌ಏಸ್ ಪಿ ಕತ್ತರಿಸುತ್ತದೆ, ಹಿಂಭಾಗವನ್ನು ಟಿಆರ್‌ಎನ್‌ಏಸ್ ಝಡ್. ಪ್ರೋಟೀನಿನ ಸಂದೇಶಗಳ 3 ಪ್ರೈಮ್ ತುದಿ ತೀರ್ಮಾನವಾಗುವುದು ಹನ್ನೆರಡು ಅಕ್ಷರಗಳ ಒಂದು ಸಾಲಿನಲ್ಲಿ: ಎಎಯು-ಎಎಯು-ಎಯುಯು-ಸಿಯುಯು. ಆ ಸಾಲಿನ ಬಳಿ ಸಂದೇಶ ಕಡಿದು ನಿಲ್ಲುತ್ತದೆ.

ಇಲ್ಲೊಂದು ಮಾತು ನಿಮಗೆಂದೇ. ನಾವು ಬೋರ್ಡಿನ ಮೇಲೆ ಬರೆಯುವ ಕ್ಯಾಪ್ ಈ ಸಂದೇಶಗಳಿಗಿಲ್ಲ. ಪಾಲಿ-ಎ ಬಾಲವೂ ಇಲ್ಲ. ನ್ಯೂಕ್ಲಿಯಸ್ಸಿನ ಸಂದೇಶಗಳಿಗೆ ಎರಡೂ ತುದಿಯಲ್ಲಿ ಇರುವ ಆ ಕಾವಲು ಇಲ್ಲಿಲ್ಲದ ಕಾರಣ, ಯಾವ ಕಿಣ್ವ ಬೇಕಾದರೂ ಯಾವ ತುದಿಯಿಂದ ಬೇಕಾದರೂ ತಿನ್ನಲು ಶುರುಮಾಡಬಹುದು. ಒಂದೇ ಜೀವಕೋಶದಲ್ಲಿ ಎರಡು ಬಗೆಯ ಆರ್‌ಎನ್‌ಎ ಲೋಕಗಳಿವೆ ಎಂದು ಪಾಠದ ನಡುವೆ ಒಂದು ವಾಕ್ಯ ಹೇಳಿದರೂ ಸಾಕು, ಜಾಣ ಹುಡುಗರು ತಲೆಯೆತ್ತಿ ನೋಡುತ್ತಾರೆ. ಯೂಕ್ಯಾರಿಯೋಟ್ ಎಂದ ಕೂಡಲೇ ಕ್ಯಾಪ್, ಬಾಲ ಎಂದು ಬರೆಯುವ ಅಭ್ಯಾಸ ಅಲ್ಲಿಂದಲೇ ಸಡಿಲವಾಗುತ್ತದೆ.

ಇಂಟ್ರಾನುಗಳ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅಲ್ಲಿನ ಒಂದು ಸಂಗತಿಯನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ದಣಿವಾಗಿಲ್ಲ. ಸೈಟೊಕ್ರೋಮ್ ಬಿ ಪ್ರೋಟೀನಿನ ಜೀನ್ ಸಿಒಬಿ. ಅದರ ಎರಡನೆಯ ಇಂಟ್ರಾನಿನೊಳಗೆ ರೂಪಾಂತರವಾದರೆ ಆ ಇಂಟ್ರಾನ್ ಕತ್ತರಿಸಿ ಹೋಗುವುದಿಲ್ಲ ಎಂದು ಸ್ಲೊನಿಮ್ಸ್ಕಿಯವರ ತಂಡ ಗಮನಿಸಿತು. ಅಷ್ಟು ಹೊತ್ತಿಗೆ ಅವರು ಪ್ಯಾರಿಸ್ ಹೊರವಲಯದ ಜಿಫ್-ಸುರ್-ಇವೆಟ್‌ನಲ್ಲಿದ್ದರು. ಕಿತ್ತು ಬಿಸಾಡುವ ಭಾಗದಲ್ಲಿ ಒಂದು ಅಕ್ಷರ ತಪ್ಪಿದರೆ ಏನಾಗಬೇಕು? ಏನೂ ಆಗಬಾರದು. ಆದರೆ ಆಯಿತು. 1980ರಲ್ಲಿ ಲಜೋವ್ಸ್ಕಾ, ಜಾಕ್ ಮತ್ತು ಸ್ಲೊನಿಮ್ಸ್ಕಿ ಕಾರಣ ಕೊಟ್ಟರು: ಇಂಟ್ರಾನಿಗೆ ಮೊದಲು ಬರುವ ಎಕ್ಸಾನಿನ ಓದು ನಿಲ್ಲದೆ ಇಂಟ್ರಾನಿನೊಳಕ್ಕೂ ಹರಿಯುತ್ತದೆ, ಅಲ್ಲೊಂದು ಪ್ರೋಟೀನ್ ಆಗುತ್ತದೆ, ಆ ಪ್ರೋಟೀನೇ ಅದೇ ಇಂಟ್ರಾನನ್ನು ಹೊರತೆಗೆಯಲು ನೆರವಾಗುತ್ತದೆ. ಅದಕ್ಕೆ ಮ್ಯಾಚುರೇಸ್ ಎಂದು ಹೆಸರಿಟ್ಟರು. ಇಂಟ್ರಾನ್ ಹೊರಬಿದ್ದ ಕೂಡಲೇ ಮ್ಯಾಚುರೇಸಿನ ಸಂದೇಶವೇ ಇಲ್ಲವಾಗುತ್ತದೆ. ತನ್ನ ಕೆಲಸ ಮಾಡಿದಷ್ಟೂ ತನ್ನ ಹುಟ್ಟಿನ ಮೂಲವನ್ನು ತಾನೇ ಅಳಿಸುವ ಪ್ರೋಟೀನ್ ಅದು. ಬೇಕಾದಷ್ಟೇ ಇರುತ್ತದೆ, ಹೆಚ್ಚಾಗುವುದಿಲ್ಲ. ನಿಯಂತ್ರಣ ಎಂದರೇನು ಎಂದು ಕೇಳುವ ವಿದ್ಯಾರ್ಥಿಗೆ ಲ್ಯಾಕ್ ಒಪೆರಾನಿನ ನಂತರ ಇದನ್ನು ಹೇಳಿ ನೋಡಿ.

ಯೀಸ್ಟ್ ಮೈಟೊಕಾಂಡ್ರಿಯದ ಕೆಲವು ಇಂಟ್ರಾನುಗಳು ಪರೀಕ್ಷಾನಳಿಕೆಯಲ್ಲಿ ಯಾವ ಪ್ರೋಟೀನಿನ ಸಹಾಯವೂ ಇಲ್ಲದೆ ತಾವೇ ಕಡಿದುಕೊಂಡು ಹೊರಬೀಳುತ್ತವೆ. ಆರ್‌ಎನ್‌ಎ ತಾನೇ ಕಿಣ್ವವಾಗಬಲ್ಲದು ಎಂದು ಟೆಟ್ರಾಹೈಮಿನದ ಇಂಟ್ರಾನಿನಲ್ಲಿ ತೋರಿಸಿದ ಥಾಮಸ್ ಚೆಕ್, ಆರ್‌ಎನ್‌ಏಸ್ ಪಿಯಲ್ಲಿ ತೋರಿಸಿದ ಸಿಡ್ನಿ ಆಲ್ಟ್‌ಮನ್ ಇಬ್ಬರಿಗೂ 1989ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಆ ಎರಡೂ ಬಗೆಯ ಆರ್‌ಎನ್‌ಎಗಳು ಈ ಪುಟ್ಟ ಅಂಗಕದಲ್ಲಿ ಜೊತೆಯಾಗಿ ಸಿಗುತ್ತವೆ.

ಇನ್ನು ಸಿಒಬಿ ಸಂದೇಶದ ಮುಂದಿನ ತುದಿ. ಅದರ ಮುಂದಿರುವ ಟಿಆರ್‌ಎನ್‌ಎಯನ್ನು ಕತ್ತರಿಸಿ ಬೇರ್ಪಡಿಸಿದ ಮೇಲೆ, ಪ್ರೋಟೀನ್ ಶುರುವಾಗುವ ಜಾಗಕ್ಕಿಂತ ಸುಮಾರು 1,100 ಅಕ್ಷರ ಹಿಂದೆ ಸಂದೇಶದ 5 ಪ್ರೈಮ್ ತುದಿ ಇರುತ್ತದೆ. ಅಲ್ಲಿಂದ ಒಂದು ಕಿಣ್ವ ತಿನ್ನುತ್ತಾ ಬಂದು ಸುಮಾರು 950ರ ಬಳಿ ನಿಲ್ಲುತ್ತದೆ. ಏಕೆ ನಿಲ್ಲುತ್ತದೆ? ಅಲ್ಲಿ ಸಿಬಿಪಿ1 ಎಂಬ ಪ್ರೋಟೀನ್ ಕಾವಲಿದೆ. ಅದು ಇಲ್ಲದ ರೂಪಾಂತರಿಗಳಲ್ಲಿ ತಿನ್ನುವ ಕೆಲಸ ನಿಲ್ಲುವುದೇ ಇಲ್ಲ. ಸಿಒಬಿ ಸಂದೇಶ ಪೂರ್ತಿ ಮಾಯವಾಗುತ್ತದೆ, ಯೀಸ್ಟ್ ಉಸಿರಾಟ ಕಳೆದುಕೊಳ್ಳುತ್ತದೆ. ಕೊಲಂಬಿಯ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಜಾಗೊಲೊಫ್ ಉಸಿರಾಡದ ಯೀಸ್ಟ್ ತಳಿಗಳನ್ನು ವರ್ಷಗಟ್ಟಲೆ ಕೂಡಿಹಾಕಿದವರು. ಈ ಸಿಬಿಪಿ1 ವಿಚಾರವನ್ನು ಬಿಡಿಸಿದವರಲ್ಲಿ ಅವರೂ ಕ್ಯಾರಲ್ ಡೀಕ್‌ಮನ್ ಅವರೂ ಮುಖ್ಯರು. ತಮಾಷೆಯೆಂದರೆ, ಪಿಇಟಿ127 ಎಂಬ ಇನ್ನೊಂದು ಜೀನ್ ಕೆಟ್ಟರೆ, ಸಿಬಿಪಿ1 ಕೆಟ್ಟ ಯೀಸ್ಟಿನಲ್ಲೂ ಸಂದೇಶ ಉಳಿದುಕೊಳ್ಳುತ್ತದೆ. ಅಂದರೆ ತಿನ್ನುವವನು ಪಿಇಟಿ127ರ ಕಡೆಯವನೇ ಇರಬೇಕು ಎಂಬ ಅನುಮಾನ 1990ರ ದಶಕದಿಂದ ಇತ್ತು. ಅದು ಸ್ವತಃ 5 ಪ್ರೈಮ್ ತುದಿಯಿಂದ ಆರ್‌ಎನ್‌ಎಯನ್ನು ಒಂದೊಂದೇ ಅಕ್ಷರವಾಗಿ ತಿನ್ನುವ ಕಿಣ್ವ ಎಂದು ವಾರ್ಸಾದ ಸಂಶೋಧಕರು ತೋರಿಸಿದ್ದು 2022ರಲ್ಲಿ. ಅನುಮಾನಕ್ಕೂ ಸಾಕ್ಷ್ಯಕ್ಕೂ ನಡುವೆ ಸುಮಾರು ಕಾಲು ಶತಮಾನ. ವಿಜ್ಞಾನದ ಪಾಠದಲ್ಲಿ ಈ ಕಾಯುವಿಕೆಯನ್ನೂ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ಈಗ ನಿಜವಾದ ಕೆಡವುವವರ ಬಳಿ ಬರೋಣ. ಕಥೆ ಅಮೆರಿಕದ ಡಲ್ಲಾಸಿನಲ್ಲಿ ಶುರುವಾಗುತ್ತದೆ. ಅಲ್ಲಿನ ರೊನಾಲ್ಡ್ ಬ್ಯುಟೊ ಅವರ ಪ್ರಯೋಗಾಲಯದಲ್ಲಿ ವಿಎಆರ್1 ಎಂಬ ಜೀನಿನ ಕೊನೆಯ ಆ ಹನ್ನೆರಡು ಅಕ್ಷರಗಳ ಸಾಲು ಅಳಿಸಿಹೋದ ಯೀಸ್ಟ್ ಇತ್ತು. ಸಂದೇಶಕ್ಕೆ ಸರಿಯಾದ ಕೊನೆಯಿಲ್ಲ, ಪ್ರೋಟೀನ್ ಸರಿಯಾಗಿ ಬರುತ್ತಿಲ್ಲ. ಈ ದೋಷವನ್ನು ಬೇರೆ ಯಾವ ಜೀನಿನ ಬದಲಾವಣೆ ಮುಚ್ಚಬಲ್ಲದು ಎಂದು ಹುಡುಕಿದಾಗ ಸಿಕ್ಕಿದ್ದು ನ್ಯೂಕ್ಲಿಯಸ್ಸಿನ ಒಂದು ಜೀನ್, ಎಸ್‌ಯುವಿ3. ಅದು ಬದಲಾದ ಯೀಸ್ಟಿನಲ್ಲಿ ಇನ್ನೊಂದು ವಿಚಿತ್ರವೂ ಕಂಡಿತು: ಕಿತ್ತುಹಾಕಿದ ಇಂಟ್ರಾನುಗಳು ಕರಗದೆ ರಾಶಿಬಿದ್ದಿದ್ದವು. ವಾರ್ಸಾದಿಂದ ಅಲ್ಲಿಗೆ ಹೋಗಿದ್ದ ಪಿಯೋತ್ರ್ ಸ್ಟೆಂಪಿಯೆನ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಆ ಜೀನನ್ನು ಓದಿ, ಅದು ಎಟಿಪಿ ಖರ್ಚುಮಾಡಿ ಆರ್‌ಎನ್‌ಎಯ ಗಂಟು ಬಿಡಿಸುವ ಹೆಲಿಕೇಸ್ ಇರಬೇಕು ಎಂದರು. ಮರುವರ್ಷ ಸೇಂಟ್ ಲೂಯಿಸ್‌ನ ಪೀಟರ್ ಜಾಸೆನ್‌ಹೌಸ್ ಅವರ ತಂಡ ಯೀಸ್ಟ್ ಮೈಟೊಕಾಂಡ್ರಿಯದಿಂದ, 3 ಪ್ರೈಮ್ ತುದಿಯಿಂದ ಆರ್‌ಎನ್‌ಎಯನ್ನು ತಿನ್ನುವ ಮತ್ತು ಅದಕ್ಕೆ ಎಟಿಪಿಯಂಥದ್ದು ಬೇಕೇಬೇಕಾದ ಒಂದು ಕಿಣ್ವವನ್ನು ಬೇರ್ಪಡಿಸಿತು. ಆ ಕಿಣ್ವದ ಒಂದು ಭಾಗ ಎಸ್‌ಯುವಿ3ಯೇ; 1995ರಲ್ಲಿ ವಾರ್ಸಾದವರು ಅದರ ಎರಡನೆಯ ಭಾಗವನ್ನು ಗುರುತಿಸಿದರು: ಡಿಎಸ್‌ಎಸ್1. ಬ್ಯಾಕ್ಟೀರಿಯಾದ ಆರ್‌ಎನ್‌ಏಸ್ 2 ಕುಟುಂಬಕ್ಕೆ ಸೇರಿದ ಕಿಣ್ವ. ಈ ಇಬ್ಬರ ಕೂಟಕ್ಕೆ ಇಂದು ಮೈಟೊಕಾಂಡ್ರಿಯದ ಡಿಗ್ರೆಡೊಸೋಮ್ ಎನ್ನುತ್ತಾರೆ.

ಇಬ್ಬರೂ ನ್ಯೂಕ್ಲಿಯಸ್ಸಿನ ಜೀನುಗಳಿಂದ ಹುಟ್ಟಿ, ಹೊರಗಡೆ ತಯಾರಾಗಿ, ಮೈಟೊಕಾಂಡ್ರಿಯದೊಳಕ್ಕೆ ಬರುವವರು. ಹೀಗೆ ಸಾವಿರದಷ್ಟು ಪ್ರೋಟೀನುಗಳು ಅಲ್ಲಿಗೆ ಹೊರಗಿನಿಂದ ಹೋಗುತ್ತವೆ. ಆ ಪ್ರವೇಶ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯೀಸ್ಟನ್ನೇ ಇಟ್ಟುಕೊಂಡು ಒಳ್ಳೆಯ ಕೆಲಸ ನಡೆದಿದೆ.

ಬಿಡಿಬಿಡಿಯಾಗಿ ಇಬ್ಬರೂ ದುರ್ಬಲರು. ಡಿಎಸ್‌ಎಸ್1 ಒಂದನ್ನೇ ಶುದ್ಧ ಮಾಡಿ ನೋಡಿದರೆ ಆರ್‌ಎನ್‌ಎಯನ್ನು ಅಷ್ಟಿಷ್ಟು ಕಡಿಯುತ್ತದೆ, ಎಟಿಪಿಯ ಹಂಗಿಲ್ಲದೆ. ಎಸ್‌ಯುವಿ3 ಒಂದೇ ಇದ್ದರೆ ಎಟಿಪಿಯನ್ನು ಅಲ್ಪಸ್ವಲ್ಪ ಒಡೆಯುತ್ತದೆ, ಗಂಟು ಬಿಡಿಸುವುದಿಲ್ಲ. ಜೊತೆಯಾದರೆ ಮಾತ್ರ ಎಟಿಪಿ ಸುಡುತ್ತಾ, ಗಂಟು ಬಿಡಿಸುತ್ತಾ, ಆರ್‌ಎನ್‌ಎಯನ್ನು ಕೊನೆಯವರೆಗೂ ಪುಡಿಮಾಡುತ್ತವೆ. ಅದು ಹೇಗೆಂದು ಕಣ್ಣಿಗೆ ಕಾಣುವಂತಾದದ್ದು 2018ರಲ್ಲಿ. ಕ್ಯಾಂಡಿಡ ಗ್ಲಾಬ್ರಾಟ ಎಂಬ ಸೋದರ ಯೀಸ್ಟಿನ ಪ್ರೋಟೀನುಗಳನ್ನು ಹರಳುಗಟ್ಟಿಸಿ, ಎಕ್ಸ್-ಕಿರಣದಲ್ಲಿ ಅದರ ಆಕಾರ ಬಿಡಿಸಿದವರು ವಾರ್ಸಾದವರೇ. ಎಸ್‌ಯುವಿ3 ಆರ್‌ಎನ್‌ಎಯ ತುದಿಯನ್ನು ಹಿಡಿದು, ಎಟಿಪಿಯ ಬಲದಿಂದ ತಳ್ಳುತ್ತಾ, ಡಿಎಸ್‌ಎಸ್1ರ ಒಳಗಿನ ಕಿರಿದಾದ ಕಂಡಿಗೆ ಒಂಟಿ ಎಳೆಯಾಗಿ ಉಣಿಸುತ್ತದೆ. ಮಂಡ್ಯದ ಕಡೆ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವುದನ್ನು ನೋಡಿದ ಮಕ್ಕಳಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ: ಕೊಡುವ ಕೈ ಇಲ್ಲದೆ ಗಾಣ ಅರೆಯದು, ಗಾಣವಿಲ್ಲದೆ ಕೈಗೆ ಕೆಲಸವಿಲ್ಲ. ಒಂದು ಮಾತು ಮಾತ್ರ ಒತ್ತಿ ಹೇಳಿ. ಎಟಿಪಿ ತಯಾರಿಸುವುದೇ ಕಸುಬಾಗಿರುವ ಅಂಗಕ, ಆ ಎಟಿಪಿಯಲ್ಲೇ ಒಂದು ಪಾಲನ್ನು ತಾನೇ ಬರೆದ ಆರ್‌ಎನ್‌ಎಯನ್ನು ಒಡೆಯಲು ಖರ್ಚು ಮಾಡುತ್ತದೆ. ಬೇಡದ ಕೆಲಸಕ್ಕೆ ಯಾವ ಜೀವಿಯೂ ಹೀಗೆ ಖರ್ಚು ಮಾಡುವುದಿಲ್ಲ.

ಈ ಇಬ್ಬರಲ್ಲಿ ಒಬ್ಬರನ್ನು ತೆಗೆದರೂ ಪರಿಣಾಮ ಒಂದೇ. ಕಿತ್ತ ಇಂಟ್ರಾನುಗಳು ಉಳಿದುಕೊಳ್ಳುತ್ತವೆ. ತುದಿ ಸವರದ ಅಪಕ್ವ ಆರ್‌ಎನ್‌ಎಗಳು ತುಂಬಿಕೊಳ್ಳುತ್ತವೆ. ಪಕ್ವವಾದ ಸಂದೇಶ ಕಡಿಮೆಯಾಗುತ್ತದೆ, ಪ್ರೋಟೀನ್ ತಯಾರಿ ನಿಲ್ಲುತ್ತದೆ, ಕೊನೆಗೆ ಮೈಟೊಕಾಂಡ್ರಿಯದ ಡಿಎನ್‌ಎಯೇ ಕಳೆದುಹೋಗುತ್ತದೆ. ಇದನ್ನು ಮೊದಲು ಓದಿದಾಗ ಯಾರಿಗೂ ಬರುವ ಪ್ರಶ್ನೆ: ಒಡೆಯುವ ಕಿಣ್ವ ಹೋದರೆ ಆರ್‌ಎನ್‌ಎ ಹೆಚ್ಚಾಗಬೇಕಲ್ಲವೇ, ಪ್ರೋಟೀನ್ ಏಕೆ ನಿಲ್ಲಬೇಕು? ಸಿಒಬಿಯಂಥ ಸಂದೇಶಗಳನ್ನು ಕತ್ತರಿಸುವ, ಸವರುವ, ಕಾಯುವ, ಓದುವ ಪ್ರೋಟೀನುಗಳು ಎಣಿಕೆಯಷ್ಟೇ ಇರುತ್ತವೆ. ಬೇಡದ ಆರ್‌ಎನ್‌ಎ ರಾಶಿಬಿದ್ದಾಗ ಅವು ಅಲ್ಲೇ ಸಿಕ್ಕಿಹಾಕಿಕೊಂಡರೆ ಬೇಕಾದ ಸಂದೇಶಕ್ಕೆ ಯಾರು ಸಿಗಬೇಕು ಎಂಬುದು ಒಂದು ವಿವರಣೆ. ನನಗೆ ಇದು ಒಪ್ಪುವಂತೆ ತೋರುತ್ತದೆ.

ಇದನ್ನು ಪರೀಕ್ಷಿಸಿದ ಒಂದು ಪ್ರಯೋಗಕ್ಕಾಗಿಯೇ ಈ ಇಡೀ ಪತ್ರ ಬರೆದೆ ಎಂದರೂ ತಪ್ಪಿಲ್ಲ. ಇಂಟ್ರಾನ್ ಇರುವ ತಳಿಗಳಲ್ಲಿ ಡಿಎನ್‌ಎಯೇ ಉಳಿಯದಿದ್ದರೆ ಪರೀಕ್ಷಿಸುವುದು ಕಷ್ಟ. ಆದರೆ ಸ್ಲೊನಿಮ್ಸ್ಕಿಯವರ ಕಾಲದಲ್ಲೇ, 1980ರ ದಶಕದಲ್ಲಿ, ಮೈಟೊಕಾಂಡ್ರಿಯದಲ್ಲಿ ಒಂದೂ ಇಂಟ್ರಾನ್ ಇಲ್ಲದ ಯೀಸ್ಟನ್ನು ಕಟ್ಟಿಕೊಂಡಿದ್ದರು. ಅದು ಚೆನ್ನಾಗಿಯೇ ಉಸಿರಾಡುತ್ತಿತ್ತು. ಅಂಥ ಯೀಸ್ಟಿನಲ್ಲಿ ಎಸ್‌ಯುವಿ3 ಅಥವಾ ಡಿಎಸ್‌ಎಸ್1 ತೆಗೆದು, ಉಸಿರಾಟ ಕಳೆದುಕೊಂಡ ಆ ಯೀಸ್ಟಿಗೆ ಮತ್ತೆ ಉಸಿರು ಕೊಡಬಲ್ಲ ಬದಲಾವಣೆ ಯಾವುದು ಎಂದು ವಾರ್ಸಾದ ತಂಡ ಹುಡುಕಿತು. ಇನ್ನೊಂದು ಒಡೆಯುವ ಕಿಣ್ವ ಸಿಗಬಹುದು ಎಂದು ನಿರೀಕ್ಷಿಸುವುದು ಸಹಜ. ಸಿಕ್ಕಿದ್ದು ಆರ್‌ಪಿಒ41 ಮತ್ತು ಎಂಟಿಎಫ್1. ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಮತ್ತು ಅದರ ಜೊತೆಗಾರ. ಅವುಗಳಲ್ಲಿ ಒಂದೊಂದು ಅಕ್ಷರ ಬದಲಾಗಿ ಬರವಣಿಗೆ ನಿಧಾನವಾಗಿತ್ತು, ಅಷ್ಟೆ. ಕಡಿಮೆ ಬರೆದದ್ದರಿಂದ ಕಡಿಮೆ ರಾಶಿಬಿತ್ತು. ರಾಶಿ ಕರಗಿದ್ದರಿಂದ ಯೀಸ್ಟ್ ಮತ್ತೆ ಉಸಿರಾಡಿತು. 2006ರಲ್ಲಿ ಇದು ಪ್ರಕಟವಾಯಿತು. ಕೆಡವುವ ಕಿಣ್ವ ಪೂರ್ತಿ ಇಲ್ಲದಿದ್ದರೂ ಬದುಕಬಹುದು, ಕಟ್ಟುವ ಕೈ ಅಷ್ಟರಮಟ್ಟಿಗೆ ತಗ್ಗಿದರೆ.

ಮಿತ್ರರೇ, ನಮ್ಮ ಬೋರ್ಡಿನ ಚಿತ್ರಕ್ಕೆ ಇದು ಏನು ಮಾಡುತ್ತದೆ ನೋಡಿ. ಆರ್‌ಎನ್‌ಎ ಪ್ರಮಾಣ ಎಂದರೆ ಎಷ್ಟು ಬರೆದರು ಎಂಬುದಷ್ಟೇ ಆಗಿ ಉಳಿಯುವುದಿಲ್ಲ. ಎಷ್ಟು ಬೇಗ ಬರೆದರು, ಎಷ್ಟು ಬೇಗ ಒಡೆದರು ಎಂಬ ಎರಡು ವೇಗಗಳ ಲೆಕ್ಕವಾಗುತ್ತದೆ. ಗಣಿತ ಗೊತ್ತಿರುವ ಪಿಸಿಎಂಬಿ ಮಕ್ಕಳಿಗೆ ಇದನ್ನು ಹೇಳಲು ಒಂದು ಸಮೀಕರಣ ಸಾಕು. ಎರಡು ವೇಗಗಳನ್ನೂ ಅರ್ಧ ಮಾಡಿದರೆ ಪ್ರಮಾಣ ಅಷ್ಟೇ ಇರುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಇದು ಮನುಷ್ಯರಿಗೂ ಸಂಬಂಧಿಸಿದ್ದೇ? ಹೌದು, ಆದರೆ ಎಚ್ಚರಿಕೆಯಿಂದ ಹೇಳಬೇಕು. ನಮ್ಮ ಮೈಟೊಕಾಂಡ್ರಿಯದಲ್ಲೂ ಎಸ್‌ಯುವಿ3 ಇದೆ. ಅದರ ಜೊತೆಗಾರ ಮಾತ್ರ ಬೇರೆ: ಡಿಎಸ್‌ಎಸ್1ರ ಬದಲು ಪಿಎನ್‌ಪೇಸ್ ಎಂಬ ಇನ್ನೊಂದು ಕುಟುಂಬದ ಕಿಣ್ವ. ನಮ್ಮ ಮೈಟೊಕಾಂಡ್ರಿಯದ ಸಂದೇಶಗಳಿಗೆ ಪಾಲಿ-ಎ ಬಾಲ ಇರುತ್ತದೆ, ಇಂಟ್ರಾನುಗಳಿಲ್ಲ. ಯೀಸ್ಟಿನ ಆರ್‌ಎನ್‌ಏಸ್ ಪಿಗೆ ಆರ್‌ಎನ್‌ಎ ಭಾಗ ಬೇಕು. ನಮ್ಮ ಮೈಟೊಕಾಂಡ್ರಿಯದ್ದು ಪ್ರೋಟೀನುಗಳಿಂದಲೇ ಆದದ್ದು. ಹಾಗಾಗಿ ಯೀಸ್ಟಿನ ಚಿತ್ರವನ್ನು ಹಾಗೇ ಎತ್ತಿ ಮನುಷ್ಯರ ಮೇಲೆ ಇಡಬೇಡಿ. ಆದರೆ ಒಡೆಯುವುದು ತಪ್ಪಿದರೆ ಆಪತ್ತು ಎಂಬ ಮೂಲ ಮಾತು ಎರಡೂ ಕಡೆ ನಿಜ. ನಮ್ಮ ಮೈಟೊಕಾಂಡ್ರಿಯದ ಡಿಎನ್‌ಎಯ ಎರಡೂ ಎಳೆಗಳು ಬಹುತೇಕ ಪೂರ್ತಿ ನಕಲಾಗುತ್ತವೆ. ಒಂದಕ್ಕೊಂದು ಹೊಂದುವ ಆ ನಕಲುಗಳು ಕೂಡಿಕೊಂಡರೆ ಜೋಡಿ ಎಳೆಯ ಆರ್‌ಎನ್‌ಎ ಆಗುತ್ತದೆ. ಪಿಎನ್‌ಪೇಸ್, ಎಸ್‌ಯುವಿ3 ಅದನ್ನು ಆಗಿಂದಾಗ ಒಡೆಯುತ್ತವೆ. 2018ರ ಒಂದು ಅಧ್ಯಯನ ತೋರಿಸಿದಂತೆ, ಪಿಎನ್‌ಪೇಸ್ ಕೊರತೆಯಾದಾಗ ಆ ಜೋಡಿ ಎಳೆ ಮೈಟೊಕಾಂಡ್ರಿಯದಿಂದ ಹೊರಗೆ ಸೋರುತ್ತದೆ. ಜೀವಕೋಶ ಅದನ್ನು ವೈರಸ್ಸೆಂದೇ ತಿಳಿದು ಇಂಟರ್‌ಫೆರಾನ್ ಎಚ್ಚರಿಕೆ ಹೊಡೆಯುತ್ತದೆ. ಪಿಎನ್‌ಪೇಸ್ ಜೀನಿನ ದೋಷ ಇರುವ ಮಕ್ಕಳ ರಕ್ತದಲ್ಲಿ ಆ ಎಚ್ಚರಿಕೆಯ ಗುರುತು ಸಿಕ್ಕಿದೆ. ಆ ಜೀನಿನ ಕೆಲವು ದೋಷಗಳಿಂದ ಹುಟ್ಟು ಕಿವುಡುತನವೂ ಬರುತ್ತದೆ. ತಂದೆತಾಯಿಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಇಂಥ ಕಾಯಿಲೆಗಳ ಬೇರು ಎಲ್ಲಿದೆಯೆಂದು ಹುಡುಕುವಾಗ, ಎಸ್‌ಯುವಿ3 ಎಂಬ ಹೆಸರನ್ನು ಮೊದಲು ಕೊಟ್ಟಿದ್ದು ಡಲ್ಲಾಸಿನ ಆ ಯೀಸ್ಟ್ ತಟ್ಟೆಗಳು ಎಂಬುದು ನೆನಪಿರಲಿ.

ಇನ್ನು ಪ್ರಯೋಗ. ಕಾಲೇಜುಗಳಲ್ಲಿ ಪ್ರಯೋಗಶಾಲೆ ಎಂದರೆ ಈರುಳ್ಳಿ ಬೇರಿನ ಸ್ಲೈಡು, ಹೂವಿನ ವಿಚ್ಛೇದನ, ಉಪ್ಪಿನ ದ್ರಾವಣ ಎಂಬಲ್ಲಿಗೆ ಮುಗಿಯುತ್ತದೆಂಬ ನಿಮ್ಮ ಕೊರಗು ನನಗೆ ಗೊತ್ತು. ಚಳ್ಳಕೆರೆ ಬಳಿ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ತರಬೇತಿ ಕೇಂದ್ರಕ್ಕೆ ಹೋಗಿಬಂದವರಿಗೆ ಕೈಯಿಂದ ಮಾಡಿ ಕಲಿಯುವ ರುಚಿ ಗೊತ್ತು. ಇದನ್ನೂ ಮಾಡಿ ನೋಡಿ. ಅಂಗಡಿಯಲ್ಲಿ ಸಿಗುವ ಒಣ ಯೀಸ್ಟ್ ಚಿಟಿಕೆಯಷ್ಟು ಕ್ರಿಮಿಶುದ್ಧ ನೀರಿಗೆ ಹಾಕಿ, ಹತ್ತರಂತೆ ಹಲವು ಸಲ ತೆಳುಮಾಡಿ, ಪೆಟ್ರಿ ತಟ್ಟೆಯ ಅಗರಿನ ಮೇಲೆ ಹರಡಿ. ತಟ್ಟೆಯಲ್ಲಿ ಯೀಸ್ಟ್ ಎಕ್ಸ್‌ಟ್ರಾಕ್ಟ್, ಪೆಪ್ಟೋನ್ ಮತ್ತು ಗ್ಲೂಕೋಸ್ ಇರಲಿ. ಗ್ಲೂಕೋಸ್ ನೂರಕ್ಕೆ ಎರಡು ಭಾಗ ಸಾಕು. 30 ಡಿಗ್ರಿಯಲ್ಲಿ ಎರಡು ಮೂರು ದಿನ ಬಿಟ್ಟರೆ ಕೆನೆಬಣ್ಣದ ಬೊಟ್ಟುಗಳು ಏಳುತ್ತವೆ. ನಮ್ಮ ಊರುಗಳ ಕೋಣೆಯ ಬಿಸಿಯೇ ಸಾಕಾಗುತ್ತದೆ. ಈಗ ಟೆಟ್ರಜೋಲಿಯಮ್ ಕ್ಲೋರೈಡ್, ನೀವು ಟಿಟಿಸಿ ಎನ್ನುವುದು, ಸ್ವಲ್ಪ ಕರಗಿಸಿದ ಬೆಚ್ಚಗಿನ ಅಗರನ್ನು ತಟ್ಟೆಯ ಮೇಲೆ ತೆಳುವಾಗಿ ಸುರಿಯಿರಿ. ಅಗರ್ ತೀರಾ ಬಿಸಿಯಿರಬಾರದು, ಕೈಗೆ ತಾಳುವಷ್ಟಿದ್ದರೆ ಸರಿ. ಕೆಲ ಹೊತ್ತಿನಲ್ಲಿ ಉಸಿರಾಡುವ ಕಾಲನಿಗಳು ಕೆಂಪಗಾಗುತ್ತವೆ, ಏಕೆಂದರೆ ಅವುಗಳ ಉಸಿರಾಟ ಸರಣಿಯ ಎಲೆಕ್ಟ್ರಾನುಗಳು ಟಿಟಿಸಿಯನ್ನು ಕೆಂಪು ಫಾರ್ಮಜಾನ್ ಆಗಿಸುತ್ತವೆ. ಒಂದೆರಡು ಕಾಲನಿ ಬೆಳ್ಳಗೇ ಉಳಿಯಬಹುದು. ಅವೇ ಪೆಟೀಟ್.

ಪ್ರಯೋಗಾಲಯದ ತಳಿಗಳಲ್ಲಿ ಇಂಥವು ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ ತಾವಾಗಿಯೇ ಹುಟ್ಟುತ್ತವೆ. ಬೇಕರಿ ಯೀಸ್ಟಿನಲ್ಲಿ ಇನ್ನೂ ಅಪರೂಪವಾಗಬಹುದು, ಆದ್ದರಿಂದ ಹೆಚ್ಚು ತಟ್ಟೆ ಇಡಿ. ಖಚಿತಪಡಿಸಲು ಟಿಟಿಸಿ ಸುರಿಯದ ಒಂದು ತಟ್ಟೆಯಿಂದ ತೀರಾ ಸಣ್ಣ ಕಾಲನಿಗಳನ್ನು ಆಯ್ದು, ಗ್ಲೂಕೋಸ್ ಬದಲು ಗ್ಲಿಸರಿನ್ ಹಾಕಿದ ಅಗರಿನ ಮೇಲೆ ಎಳೆಯಿರಿ. ಔಷಧಿ ಅಂಗಡಿಯ ಗ್ಲಿಸರಿನ್ ಸಾಕು. ಗ್ಲಿಸರಿನ್ನನ್ನು ಹುದುಗಿಸಲು ಯೀಸ್ಟಿಗೆ ಬರುವುದಿಲ್ಲ, ಉಸಿರಾಡಿಯೇ ಬಳಸಬೇಕು. ಆದ್ದರಿಂದ ಪೆಟೀಟ್ ಅಲ್ಲಿ ಬೆಳೆಯುವುದಿಲ್ಲ. ಎಥಿಡಿಯಮ್ ಬ್ರೋಮೈಡ್ ಹಾಕಿ ಪೆಟೀಟ್ ಹೆಚ್ಚಿಸುವ ವಿಧಾನ ಪುಸ್ತಕಗಳಲ್ಲಿ ಸಿಗುತ್ತದೆ. ಪಿಯು ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ. ಕೆಲಸ ಮುಗಿದ ತಟ್ಟೆಗಳನ್ನು ಪ್ರೆಷರ್ ಕುಕ್ಕರಿನಲ್ಲಿ ಕೂಗಿಸಿ ಬಿಸಾಡಿ, ಆ ಕುಕ್ಕರು ಮತ್ತೆ ಅಡುಗೆಮನೆಗೆ ಹೋಗದಿರಲಿ.

ಬಿಳಿ ಕಾಲನಿ ತೋರಿಸಿ ಇದರಲ್ಲಿ ಎಸ್‌ಯುವಿ3 ಹೋಗಿದೆ ಎಂದು ಮಾತ್ರ ಹೇಳಬೇಡಿ. ಹೆಚ್ಚಿನ ಪೆಟೀಟ್‌ಗಳಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎಯ ದೊಡ್ಡ ಭಾಗವೇ ಬಿದ್ದುಹೋಗಿರುತ್ತದೆ. ಯಾವುದು ಕೆಟ್ಟಿದೆಯೆಂದು ತಟ್ಟೆ ಹೇಳುವುದಿಲ್ಲ, ಏನೋ ಕೆಟ್ಟಿದೆ ಎಂದಷ್ಟೇ ಹೇಳುತ್ತದೆ. ಅಲ್ಲಿಂದ ಮುಂದೆ ಒಂದು ಜೀನಿನ ಹೆಸರಿಗೆ ತಲುಪಲು ಎಷ್ಟು ಹೆಜ್ಜೆ ಬೇಕು ಎಂದು ಮಕ್ಕಳೊಡನೆ ಚರ್ಚಿಸಿ. ಎಫ್ರುಸ್ಸಿಯವರ ಕಾಲನಿಗಳಿಂದ ಡಿಎಸ್‌ಎಸ್1ರವರೆಗೆ 46 ವರ್ಷ ಹಿಡಿಯಿತು.

ನಿಮ್ಮಲ್ಲಿ ಹಲವರು ಜಿಲ್ಲಾ ಮಟ್ಟದ ಪೂರ್ವಸಿದ್ಧತಾ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸುತ್ತೀರಿ. ಸೆಂಟ್ರಲ್ ಡಾಗ್ಮಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆಯ ಪಕ್ಕದಲ್ಲಿ ಈ ವರ್ಷ ಇನ್ನೊಂದನ್ನೂ ಇಡಿ: ಆರ್‌ಎನ್‌ಎ ಒಡೆಯುವ ಕಿಣ್ವವನ್ನು ಕಳೆದುಕೊಂಡು ಉಸಿರಾಟ ನಿಂತ ಯೀಸ್ಟ್, ಆರ್‌ಎನ್‌ಎ ಪಾಲಿಮರೇಸಿನ ವೇಗ ತಗ್ಗಿಸಿದಾಗ ಮತ್ತೆ ಉಸಿರಾಡಿತು, ಇದಕ್ಕೆ ಕಾರಣವೇನಿರಬಹುದು, ನಿಮ್ಮ ಮಾತಿನಲ್ಲಿ ಬರೆಯಿರಿ. ಮೂರು ಅಂಕ ಕೊಡಿ. ಪಠ್ಯದಲ್ಲಿಲ್ಲದ ಉತ್ತರಕ್ಕೂ ಅಂಕ ಕೊಡುವಂತೆ ಮೌಲ್ಯಮಾಪನ ಸೂಚನೆಯಲ್ಲಿ ಒಂದು ಸಾಲು ಬರೆಯಿರಿ.

ಇಂತಿ,
ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದ ನಿಮ್ಮ ಸಹೋದ್ಯೋಗಿ